ಡಿವಿಡಿ-ಆರ್: ಅದು ಮೈನಸ್ ಅಲ್ಲ, ಅಡ್ಡಗೆರೆ

ಹಳೇ ಡಿವಿಡಿ-ಆರ್ (ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ) ಡಿಸ್ಕಿನಿಂದ ಫೋಟೋ ತೆಗೆದುಕೊಡಿ ಅಂತ ಬಂದವರೊಬ್ಬರು ಮೊನ್ನೆ ಮತ್ತೆ ಅದೇ ಮಾತು ಹೇಳಿದರು: "ಇದು ಮೈನಸ್ ಆರ್, ಪ್ಲಸ್‌ಗಿಂತ ಜಾಗ ಕಡಿಮೆ." ಪ್ಲಸ್ ಅಂದರೆ ಡಿವಿಡಿ+ಆರ್, ಅಂಥದೇ ಇನ್ನೊಂದು ಡಿಸ್ಕ್. ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಮೈನಸ್ಸೇ ಇಲ್ಲ, ಜಾಗವೂ ಕಡಿಮೆ ಇಲ್ಲ.

ಸಿಡಿ-ರಾಮ್ ಅನ್ನುವುದನ್ನು ಯಾರಾದರೂ ‘ಸಿಡಿ ಮೈನಸ್ ರಾಮ್’ ಅಂತ ಓದುತ್ತಾರಾ? ಸಿಡಿ-ಆರ್? ಇಲ್ಲ ಅಲ್ವಾ. ಎರಡು ತುಂಡು ಜೋಡಿಸುವ ಅದೇ ಗೆರೆ ಡಿವಿಡಿ-ಆರ್‌ನಲ್ಲೂ ಇದೆ. ಆರ್ ಅಂದರೆ ರೆಕಾರ್ಡಬಲ್, ಅಷ್ಟೇ. 1997ರಲ್ಲಿ ಪಯೋನಿಯರ್ ಕಂಪನಿ ಇದನ್ನು ತಂದಾಗ ಎದುರಿಗೆ ಪ್ಲಸ್ ಅನ್ನುವುದೇ ಇರಲಿಲ್ಲ. ಹಾಗಾಗಿ ಗೆರೆ ಗೆರೆಯಾಗಿಯೇ ಇತ್ತು.

ಗೊಂದಲ ಶುರುವಾಗಿದ್ದು ಆಮೇಲೆ. ಡಿವಿಡಿಯ ಮಾನದಂಡ ಗೊತ್ತುಮಾಡುವ ಕಂಪನಿಗಳ ಕೂಟವಾದ ಡಿವಿಡಿ ಫೋರಂ ಒಪ್ಪಿದ್ದನ್ನು ಬಿಟ್ಟು ಫಿಲಿಪ್ಸ್, ಸೋನಿ ಮತ್ತಿತರರು ಬೇರೆ ಕೂಟ ಕಟ್ಟಿಕೊಂಡು 2002ರಲ್ಲಿ ಡಿವಿಡಿ+ಆರ್ ತಂದರು. ಹೆಸರಿಗೆ ಪ್ಲಸ್ ಬಿದ್ದಿದ್ದೇ ತಡ, ಪಕ್ಕದ ಡಿಸ್ಕಿನ ಗೆರೆ ಕಳೆಯುವ ಗುರುತಾಗಿಬಿಟ್ಟಿತು. ಆಗಿನ ಎಷ್ಟೋ ಡ್ರೈವ್‌ಗಳು ಒಂದನ್ನು ಬರೆದರೆ ಇನ್ನೊಂದನ್ನು ಬರೆಯುತ್ತಿರಲಿಲ್ಲ, ಅದಕ್ಕೇ ಕೊಳ್ಳುವಾಗ ಬಾಯಿಬಿಟ್ಟು ವ್ಯತ್ಯಾಸ ಹೇಳಲೇಬೇಕಿತ್ತು, ‘ಮೈನಸ್’ ನಾಲಿಗೆಗೆ ಅಂಟಿದ್ದು ಹೀಗೆ. ಕೊನೆಗೆ ಎರಡನ್ನೂ ಬರೆಯುವ ಡ್ರೈವ್ ಬಂದು, ಅದರ ಮೇಲೆ ± ಅಂತ ಅಚ್ಚಾದ ಮೇಲೆ ತಪ್ಪಿಗೆ ಮುದ್ರೆಯೇ ಬಿತ್ತು.

ಜಾಗದ ವಿಷಯಕ್ಕೆ ಬನ್ನಿ. ಡಿವಿಡಿ-ಆರ್ ಹಿಡಿಸುವುದು 4,70,73,19,808 ಬೈಟ್. ಡಿವಿಡಿ+ಆರ್ 4,70,03,72,992. ಅಂದರೆ ‘ಮೈನಸ್’ ಅನ್ನಿಸಿಕೊಂಡದ್ದರಲ್ಲೇ ಸುಮಾರು 69 ಲಕ್ಷ ಬೈಟ್ ಜಾಸ್ತಿ! ಅಂಚಿನವರೆಗೂ ತುಂಬಿದ ಡಿವಿಡಿ-ಆರ್‌ನ ನಕಲು ಪ್ಲಸ್ ಡಿಸ್ಕಿನಲ್ಲಿ ಕೂರದೆ ನಾನೇ ಒದ್ದಾಡಿದ್ದೇನೆ.

ಎರಡರಲ್ಲೂ ಲೇಸರ್ ಬಣ್ಣದ ಪದರವನ್ನೇ ಸುಡುತ್ತದೆ. ಬೇರೆಯಾಗುವುದು ಲೇಸರ್‌ಗೆ ತಾನೆಲ್ಲಿದ್ದೇನೆ ಅಂತ ತಿಳಿಯುವ ಬಗೆ. ಡಿವಿಡಿ-ಆರ್‌ನಲ್ಲಿ ಬರೆಯುವ ಸಾಲುಗಳ ನಡುವಿನ ದಿಬ್ಬದ ಮೇಲೆ ವಿಳಾಸ ಹೇಳುವ ಪುಟ್ಟ ಗುಳಿಗಳಿರುತ್ತವೆ. ಪ್ಲಸ್‌ನಲ್ಲಿ ಸಾಲಿನ ಸಣ್ಣ ಓಲಾಟದಲ್ಲೇ ವಿಳಾಸ ಅಡಗಿರುತ್ತದೆ. ಇದು ಚೊಕ್ಕ ಉಪಾಯ, ಒಪ್ಪುತ್ತೇನೆ. ಆದರೆ ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಬಣ್ಣದ ಗುಣದ ಮೇಲೆ, ತಯಾರಿಯ ಮೇಲೆ ನಿಂತಿದೆ, ಹೆಸರಿನ ಗುರುತಿನ ಮೇಲಲ್ಲ.

ಡಿವಿಡಿಯ ನಂತರದ ಪೀಳಿಗೆಯ ಡಿಸ್ಕ್ ಯಾವುದಾಗಬೇಕು ಅಂತ ಎಚ್‌ಡಿ ಡಿವಿಡಿ, ಬ್ಲೂ-ರೇ ನಡುವೆ ಪೈಪೋಟಿ ಇತ್ತು. 2008ರ ಫೆಬ್ರವರಿಯಲ್ಲಿ ತೋಶಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಬ್ಲೂ-ರೇ ಉಳಿಯಿತು. ಅದರಲ್ಲಿ ಒಮ್ಮೆ ಬರೆಯುವ ಡಿಸ್ಕಿನ ಹೆಸರು ಬಿಡಿ-ಆರ್. ಅಲ್ಲೂ ಅದೇ ಗೆರೆ ಇದೆ, ಎದುರಿಗೆ ಪ್ಲಸ್ ಇಲ್ಲ. ‘ಬಿಡಿ ಮೈನಸ್ ಆರ್’ ಅಂತ ಒಬ್ಬರ ಬಾಯಲ್ಲೂ ನಾನು ಕೇಳಿಲ್ಲ.