ಸ್ಲ್ಯಾಬಿನೊಳಗೆ ಮುಚ್ಚಿಹೋಗುವ ಕೆಲಸ

ಸ್ಲ್ಯಾಬ್ ಹಾಕುವ ಹಿಂದಿನ ದಿನ ಕಬ್ಬಿಣ ಕಟ್ಟಿದ್ದನ್ನು ಪರೀಕ್ಷಿಸಲು ಹೋದರೆ ನಾನು ಮೊದಲು ನೋಡುವುದು ಸರಳುಗಳ ಅಡಿಯನ್ನು. ಸರಳಿಗೂ ಸೆಂಟ್ರಿಂಗ್ ಹಲಗೆಗೂ ನಡುವೆ ಎಷ್ಟು ಅಂತರವಿದೆ ಎಂಬುದು ಬಗ್ಗಿ ನೋಡಿದವನಿಗೆ ಮಾತ್ರ ತಿಳಿಯುತ್ತದೆ. ಮರುದಿನ ಸಂಜೆಯೊಳಗೆ ಅದು ಕಾಂಕ್ರೀಟಿನಲ್ಲಿ ಮುಚ್ಚಿಹೋಗುತ್ತದೆ. ಆಮೇಲೆ ಮನೆಯ ಯಜಮಾನರಿಗಾಗಲಿ, ಪಂಚಾಯತಿನ ಅಧಿಕಾರಿಗಾಗಲಿ, ಮನೆ ಆಶೀರ್ವದಿಸಲು ಬರುವ ಧರ್ಮಗುರುಗಳಿಗಾಗಲಿ ಅದು ಕಾಣುವುದಿಲ್ಲ. ಕೆಲಸದ ಜಾಗದಲ್ಲಿ ಕ್ರೈಸ್ತನಾಗಿರುವುದು ಎಂದರೇನು ಎಂದು ನಮ್ಮ ಕುಂಬಳೆ, ಮಂಜೇಶ್ವರ ಕಡೆಯ ಯುವಕರು ಕೇಳಿದಾಗಲೆಲ್ಲ ನಾನು ಈ ಅಂತರದಿಂದಲೇ ಮಾತು ಆರಂಭಿಸುತ್ತೇನೆ.

ಸರಳನ್ನು ಹೊದ್ದಿರುವ ಈ ಕಾಂಕ್ರೀಟಿನ ಪದರಕ್ಕೆ ನಾವು ಕವರ್ ಎನ್ನುತ್ತೇವೆ. ಸಿಮೆಂಟಿನಲ್ಲಿರುವ ಕ್ಷಾರಗುಣ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಪದರ ತೆಳುವಾದಷ್ಟೂ ಹೊರಗಿನ ಗಾಳಿ, ತೇವ, ಉಪ್ಪು ಬೇಗ ಒಳಗಿಳಿದು ಆ ರಕ್ಷಣೆಯನ್ನು ಕೆಡಿಸುತ್ತವೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಸೀಳುತ್ತದೆ. ಸಮುದ್ರದ ಬದಿಯ ಮನೆಗಳಲ್ಲಿ ಛಾವಣಿಯ ಅಡಿಯಿಂದ ಚಕ್ಕೆ ಚಕ್ಕೆಯಾಗಿ ಗಾರೆ ಉದುರಿ ಕೆಂಪಾದ ಸರಳು ಹೊರಬಿದ್ದಿರುವುದನ್ನು ನೀವೂ ನೋಡಿರಬಹುದು. ಸೌಮ್ಯ ಪರಿಸರದಲ್ಲಿ ಕನಿಷ್ಠ 20 ಮಿಲಿಮೀಟರ್ ಕವರ್ ಬೇಕು ಎನ್ನುತ್ತದೆ ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ ಸಂಹಿತೆ ಐ.ಎಸ್. 456. ಕರಾವಳಿಯಲ್ಲಿ ಉಪ್ಪುಗಾಳಿ ನೇರವಾಗಿ ತಾಗದಂತೆ ಮರೆಯಲ್ಲಿರುವ ಭಾಗಕ್ಕೆ 30, ನೇರವಾಗಿ ಒಡ್ಡಿಕೊಂಡ ಭಾಗಕ್ಕೆ 45. ಬದಿಯಡ್ಕದ ಒಳನಾಡಿನ ತೋಟದ ಮನೆಯ ಲೆಕ್ಕವನ್ನು ಮಂಜೇಶ್ವರದ ಕಡಲಬದಿಯ ಮನೆಗೆ ಹಾಗೆಯೇ ಅನ್ವಯಿಸಲಾಗದು.

ಸರಳನ್ನು ಹಲಗೆಯಿಂದ ಇಷ್ಟು ಮೇಲೆ ಎತ್ತಿ ಹಿಡಿಯಲು ಬೇಕಾದದ್ದು ಗಾರೆಯಲ್ಲಿ ಮಾಡಿದ ಸಣ್ಣ ಕವರ್ ಬ್ಲಾಕುಗಳು. ಅವಿಲ್ಲದ ಕಡೆ ಕೆಂಪುಕಲ್ಲಿನ ಚೂರನ್ನೋ ಒಡೆದ ಟೈಲನ್ನೋ ಸಿಕ್ಕಿಸಿ ಕೆಲಸ ಮುಗಿಸುತ್ತಾರೆ. ಕಾಂಕ್ರೀಟ್ ಹಾಕುವವರು ಮೇಲೆ ಓಡಾಡುವಾಗ ಚೂರು ಜಾರುತ್ತದೆ, ಸರಳು ಹಲಗೆಗೆ ಅಂಟಿಕೊಂಡು ಕೂರುತ್ತದೆ. "ಸಾರ್, ಇದು ಯಾರಿಗೆ ಕಾಣುತ್ತದೆ?" ಎಂದು ಒಬ್ಬ ಹಿರಿಯ ಮೇಸ್ತ್ರಿ ನನ್ನನ್ನು ಕೇಳಿದ್ದರು. ಕೈಕೆಲಸದಲ್ಲಿ ಅವರನ್ನು ಮೀರಿಸುವವರು ಕಡಿಮೆ. ಅಂಥವರೂ ಹೀಗೆ ಕೇಳುವಷ್ಟು ಅಭ್ಯಾಸ ಬೇರೂರಿದೆ.

ಆ ಪ್ರಶ್ನೆಗೆ ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಉತ್ತರವಿದೆ. ಯಜಮಾನ ನೋಡುತ್ತಿರುವಾಗ ಮಾತ್ರ ದುಡಿಯಬೇಡಿ, ಏನು ಮಾಡಿದರೂ ಪ್ರಭುವಿಗಾಗಿ ಎಂಬಂತೆ ಮನಸಾರೆ ಮಾಡಿ ಎಂದು ಅವರು ಹೇಳುತ್ತಾರೆ. ಇಂದು ಕಚೇರಿಯ ಗೋಡೆಗಳಲ್ಲಿ ಚೌಕಟ್ಟು ಹಾಕಿಸಿಕೊಂಡಿರುವ ಈ ವಚನವನ್ನು ಮೊದಲು ಕೇಳಿಸಿಕೊಂಡವರು ಗುಲಾಮರು. ಯಜಮಾನನಿಂದ ಬಡ್ತಿ, ಬಹುಮಾನ, ಹೆಸರು ಸಿಗುವ ಭರವಸೆ ಅವರಲ್ಲಿ ಹೆಚ್ಚಿನವರಿಗಿರಲಿಲ್ಲ. ಹಾಗಾಗಿ ಉತ್ತಮವಾಗಿ ದುಡಿದರೆ ದೇವರು ನಮ್ಮನ್ನು ಮೇಲಕ್ಕೆತ್ತುತ್ತಾನೆ ಎಂಬ ಬೋಧನೆಗೆ ಈ ವಚನವನ್ನು ಆಧಾರವಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಮೆಚ್ಚುಗೆಯ ದಾರಿ ಪೂರ್ತಿ ಮುಚ್ಚಿದ್ದಾಗಲೂ ಕೆಲಸಕ್ಕೆ ಘನತೆಯಿದೆ ಎಂಬುದು ಅದರ ಮಾತು.

ಇದಕ್ಕಿಂತಲೂ ನನ್ನ ವೃತ್ತಿಗೆ ಹತ್ತಿರವಾದ ವಚನವೊಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಹೊಸ ಮನೆ ಕಟ್ಟಿದಾಗ ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟಿಸು, ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತಾಪರಾಧ ನಿನ್ನ ಮನೆಯ ಮೇಲಿರುತ್ತದೆ ಎಂಬ ಆಜ್ಞೆ ಅದು. ಪವಿತ್ರ ಗ್ರಂಥದಲ್ಲಿ ಟೆರೇಸಿನ ಅಂಚಿನ ಗೋಡೆಯ ಬಗ್ಗೆ ಕಟ್ಟಳೆಯಿದೆ ಎಂದರೆ ಎಷ್ಟೋ ಮಂದಿ ನಂಬುವುದಿಲ್ಲ. ನಮ್ಮಲ್ಲಿ ಅಡಿಕೆ, ಕೊಬ್ಬರಿ, ಬಟ್ಟೆ ಎಲ್ಲ ಒಣಗುವುದು ಟೆರೇಸಿನಲ್ಲಿ. ಮೋಡ ಕವಿದರೆ ಮನೆಮಂದಿಯೆಲ್ಲ ಅಲ್ಲಿಗೆ ಓಡುತ್ತಾರೆ, ಮಕ್ಕಳು ಹಿಂದೆಯೇ ಹತ್ತುತ್ತಾರೆ. ದುಡ್ಡು ಸಾಲದೆ ಬಂದಾಗ ಆ ಗೋಡೆಯನ್ನೇ ಮುಂದಿನ ವರ್ಷಕ್ಕೆಂದು ಬಿಡುತ್ತಾರೆ. ಎದುರಿನ ಗೋಡೆಯ ಅಲಂಕಾರದ ಕಲ್ಲನ್ನು ಬಿಡಿ, ಇದನ್ನು ಬಿಡಬೇಡಿ ಎಂದು ನಾನು ಹಟ ಹಿಡಿಯುತ್ತೇನೆ. ಅತ್ಯುತ್ತಮ ಕೆಲಸ ಎಂದರೆ ದುಬಾರಿ ಕೆಲಸವಲ್ಲ. ಎರಡು ಕೋಣೆಯ ಹಂಚಿನ ಮನೆಯನ್ನೂ ಅತ್ಯುತ್ತಮವಾಗಿ ಕಟ್ಟಬಹುದು. ಆ ಸೂರಿನಡಿ ಮಲಗುವವರ ಜೀವಕ್ಕೆ ಬೇಕಾದದ್ದರಲ್ಲಿ ಕೊರತೆಯಾಗಬಾರದು, ಅಷ್ಟೇ.

ಹಂಚಿನ ಮಾತು ಬಂತು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಆ ಕೈಗಾರಿಕೆಗಳ ಒಂದು ಉದ್ದೇಶವಾಗಿತ್ತು. ಹಂಚು ಜನರ ವಿಶ್ವಾಸ ಗಳಿಸಿದ್ದು ಮಣ್ಣು ಹದಮಾಡಿದ, ಸುಟ್ಟ ಕ್ರಮದಿಂದ. ಕೊಂಡವರು ಕಾರ್ಮಿಕನ ಧರ್ಮ ನೋಡಲಿಲ್ಲ, ಸೋರುತ್ತದೆಯೇ ಎಂದು ನೋಡಿದರು.

ಈ ಮಾತನ್ನು ನಮ್ಮವರಿಗೆ ಒತ್ತಿ ಹೇಳಬೇಕಾಗಿದೆ. ಪ್ರಾರ್ಥನೆ ಮಾಡಿ ಅಡಿಗಲ್ಲು ಹಾಕಿದ್ದೇವೆ, ಎಲ್ಲ ಒಳ್ಳೆಯದೇ ಆಗುತ್ತದೆ ಎಂಬ ನಿಶ್ಚಿಂತೆಯನ್ನು ಹಲವು ಕಡೆ ಕಂಡಿದ್ದೇನೆ. ಪ್ರಾರ್ಥನೆ ಬೇಕು, ನಾನೂ ಪ್ರಾರ್ಥಿಸಿಯೇ ಹೊರಡುತ್ತೇನೆ. ಆದರೆ ಕಾಂಕ್ರೀಟಿಗೆ ನೀರು ಹೆಚ್ಚಾದರೆ ಬಲ ಕುಗ್ಗುತ್ತದೆ, ಪ್ರಾರ್ಥಿಸಿದವರ ಮನೆಯಲ್ಲೂ. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರವನ್ನು ಕಟ್ಟಿದ ಕುಶಲಕರ್ಮಿ ಬೆಚಲೇಲನಿಗೆ ದೇವರು ತನ್ನ ಆತ್ಮದೊಂದಿಗೆ ಕೊಟ್ಟದ್ದು ಜ್ಞಾನ, ವಿವೇಕ ಮತ್ತು ಕೈಚಳಕ. ಕಲಿಯದೆ ಉಳಿದದ್ದನ್ನು ಭಕ್ತಿಯಿಂದ ತುಂಬಿಸಿಕೊಳ್ಳಬಹುದೆಂದು ಆತನಿಗೆ ಹೇಳಲಿಲ್ಲ.

ಇನ್ನೊಂದು ಅಪಾಯ ನನ್ನಂಥ ಮೇಲ್ವಿಚಾರಕರದು. ಅಚ್ಚುಕಟ್ಟಿನ ಹೆಸರಿನಲ್ಲಿ ಕಾರ್ಮಿಕರನ್ನು ಗೋಳುಹುಯ್ದುಕೊಳ್ಳುವುದು ಸುಲಭ. ಕೆಲಸದವರಲ್ಲಿ ಬಹಳ ಮಂದಿ ದೂರದ ರಾಜ್ಯಗಳಿಂದ ಬಂದವರು, ಭಾಷೆ ಬಾರದವರು. ಅವರ ಸಂಬಳ ತಡೆದರೆ ಕೇಳುವವರಿಲ್ಲ. ಪೌಲರು ಗುಲಾಮರಿಗೆ ಬುದ್ಧಿ ಹೇಳಿ ನಿಲ್ಲಿಸಲಿಲ್ಲ, ನ್ಯಾಯವಾದುದನ್ನು ಕೊಡಿ ಎಂದು ಯಜಮಾನರಿಗೂ ಮುಂದಿನ ಸಾಲಿನಲ್ಲೇ ಹೇಳಿದರು. ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂಬ ಆಜ್ಞೆ ಧರ್ಮೋಪದೇಶಕಾಂಡದಲ್ಲಿಯೇ ಇದೆ. ಸರಳಿನ ಅಂತರ ಅಳೆಯುವವನು ಹಾಜರಿ ಪುಸ್ತಕವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು.

ಕೊನೆಗೆ, ಅನೇಕ ಕುಟುಂಬಗಳು ನನ್ನನ್ನು ಕೇಳುವ ಭಾನುವಾರದ ಪ್ರಶ್ನೆ. ಹೊಸ ಸ್ಲ್ಯಾಬಿಗೆ ನೀರುಣಿಸುವುದನ್ನು ನಿಲ್ಲಿಸುವಂತಿಲ್ಲ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ. ಹಾಗಾದರೆ ನಡುವೆ ಭಾನುವಾರ ಬಂದೇ ಬರುತ್ತದೆ. ನಾನು ಶನಿವಾರ ಸ್ಲ್ಯಾಬ್ ಹಾಕಲು ಒಪ್ಪುವುದಿಲ್ಲ, ಏಕೆಂದರೆ ಮೊದಲ ದಿನದ ತೇವ ಎಲ್ಲಕ್ಕಿಂತ ಮುಖ್ಯ. ಸೋಮವಾರವೋ ಮಂಗಳವಾರವೋ ಹಾಕಿಸಿ, ಮರುದಿನ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸಿದರೆ, ಭಾನುವಾರ ಕೆಲಸದವರನ್ನು ಕರೆಯಬೇಕಾಗಿಲ್ಲ. ಶನಿವಾರ ಸಂಜೆ ಕಟ್ಟೆಗಳನ್ನು ತುಂಬಿಸಿ, ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಮನೆಯವರೇ ಹತ್ತಿ ನೋಡಿ, ಆರಿದ ಕಡೆ ನೀರು ಬಿಟ್ಟರೆ ಸಾಕು. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತುವುದಿಲ್ಲವೇ ಎಂದು ಯೇಸು ಕೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಸಂದೇಹವಿದ್ದವರು ಅದನ್ನು ಓದಿಕೊಂಡು ಪೈಪ್ ಕೈಗೆತ್ತಿಕೊಳ್ಳಬಹುದು.