ಓದುಗರ ಪ್ರಶ್ನೆ: ಸೈಕಲ್ಲಿನ ಹಳೆಯ ಫ್ರೀವೀಲ್ (ಪೆಡಲ್ ನಿಲ್ಲಿಸಿದರೂ ಹಿಂಚಕ್ರ ತಿರುಗಲು ಬಿಡುವ ಹಲ್ಲುಚಕ್ರ) ಬಿಚ್ಚಿ ತೊಳೆದ ಮೇಲೆ ಒಳಗೆ ಗ್ರೀಸ್ ತುಂಬಬಹುದೇ?

ಬೇಡ. ಎಷ್ಟು ಸಲ ಉತ್ತರಿಸಿದರೂ ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಮಣ್ಣುದಾರಿಯಲ್ಲಿ ಓಡಾಡುವ ಸೈಕಲ್ಲಿಗೆ ಧೂಳಿನ ಕಾಟ ಎಂಥದೆಂದು ಬಲ್ಲೆನಾದ್ದರಿಂದ ಮತ್ತೊಮ್ಮೆ ವಿವರವಾಗಿಯೇ ಬರೆಯುತ್ತೇನೆ.

ಬಿಚ್ಚುವ ಕ್ರಮ ಕಷ್ಟದ್ದಲ್ಲ. ಚಕ್ರವನ್ನು ಅಗಲವಾದ ತಟ್ಟೆಯ ಮೇಲೆ, ಫ್ರೀವೀಲ್ ಮೇಲಕ್ಕೆ ಬರುವಂತೆ ಮಲಗಿಸಬೇಕು. ಎರಡು ಕುಳಿಗಳಿರುವ ಮುಚ್ಚಳದ ಉಂಗುರಕ್ಕೆ ಉಲ್ಟಾ ಥ್ರೆಡ್ ಇರುವುದರಿಂದ ಅದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಸಡಿಲವಾಗುತ್ತದೆ. ಕುಳಿಗೆ ಪಂಚ್ (ಮೊಂಡು ತುದಿಯ ಉಕ್ಕಿನ ಕಡ್ಡಿ) ಇಟ್ಟು ಹಗುರವಾಗಿ ತಟ್ಟಿದರೆ ಸಾಕು. ಅದರಡಿಯ ತೆಳುವಾದ ಲೋಹದ ಬಳೆಗಳನ್ನು, ಅಂದರೆ ಶಿಮ್‌ಗಳನ್ನು ಜೋಪಾನವಾಗಿಡಿ, ಏಕೆಂದರೆ ಫ್ರೀವೀಲಿನಲ್ಲಿ ಎಷ್ಟು ಅಲುಗಾಟ ಉಳಿಯಬೇಕೆಂದು ನಿರ್ಧರಿಸುವುದು ಅವೇ. ಮೇಲೊಂದು, ಕೆಳಗೊಂದು ಸಾಲಿನಲ್ಲಿರುವ 1/8 ಅಂಗುಲದ ಗುಂಡುಗಳನ್ನು ಬೇರೆಬೇರೆಯಾಗಿ ಎಣಿಸಿಟ್ಟು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ.

ಈಗ ಗ್ರೀಸಿನ ಮಾತು. ಗ್ರೀಸ್ ತುಂಬಿದರೆ ಧೂಳು ಒಳಹೋಗದು, ವರ್ಷಗಟ್ಟಲೆ ಮುಟ್ಟಬೇಕಿಲ್ಲ ಎಂಬ ನಂಬಿಕೆ ಚಕ್ರದ ನಡುವಿನ ಹಬ್ ಮತ್ತು ಹ್ಯಾಂಡಲ್‌ನ ಬೇರಿಂಗ್ ನೋಡಿ ಹುಟ್ಟಿದ್ದು. ಅಲ್ಲಿ ಗ್ರೀಸ್ ಸರಿಯೇ, ಏಕೆಂದರೆ ಅಲ್ಲಿ ತಿರುಗುವ ಗುಂಡುಗಳು ಮಾತ್ರ ಇವೆ. ಫ್ರೀವೀಲಿನೊಳಗೆ ಪಾಲ್‌ಗಳಿವೆ. ಬೆರಳುಗುರಿಗಿಂತ ಚಿಕ್ಕದಾದ ಈ ಉಕ್ಕಿನ ತುಂಡುಗಳನ್ನು ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಮೇಲೆತ್ತಿ ಫ್ರೀವೀಲಿನ ಒಳಬದಿಯ ಹಲ್ಲಿಗೆ ಸಿಕ್ಕಿಸುತ್ತದೆ. ಅಂಥ ದುರ್ಬಲ ಸ್ಪ್ರಿಂಗ್ ಗಟ್ಟಿ ಗ್ರೀಸನ್ನು ತಳ್ಳಿಕೊಂಡು ಎದ್ದೇಳಲಾರದು. ಚಳಿಗಾಲದ ಬೆಳಗ್ಗೆಯಂತೂ ಪಾಲ್ ತನ್ನ ಗುಂಡಿಯಲ್ಲೇ ಅಂಟಿಕೊಂಡು, ಪೆಡಲ್ ತುಳಿದರೆ ಕಾಲು ಜಾರಿ ಸವಾರನೇ ಬೀಳುತ್ತಾನೆ. ಪಾಲ್ ಅರ್ಧ ಮಾತ್ರ ಎದ್ದರೆ ಹೊರೆಯೆಲ್ಲ ಹಲ್ಲಿನ ತುದಿಗೆ ಬಿದ್ದು ಆ ತುದಿಯೇ ಮುರಿಯುತ್ತದೆ. ಇನ್ನು ಧೂಳು: ಮುಚ್ಚಳದ ಸುತ್ತಲಿನ ಸಂದಿಗೆ ಸೀಲ್ ಇಲ್ಲದ್ದರಿಂದ ಅದು ಹೇಗೂ ಒಳಬಂದು, ಗ್ರೀಸಿನಲ್ಲಿ ಕಲಸಿ, ಗುಂಡುಗಳನ್ನು ಸವೆಸುವ ಪೇಸ್ಟ್ ಆಗುತ್ತದೆ. ತೆಳು ಮೆಷಿನ್ ಎಣ್ಣೆಯಾದರೋ ಕೊಳೆಯನ್ನು ಹೊರಗೆ ಹರಿಸುತ್ತದೆ. ಜೋಡಿಸುವಾಗ ಗುಂಡು ಉರುಳದಿರಲೆಂದು ಅದರ ಹಾದಿಗೆ ತುಸು ಗ್ರೀಸ್ ಸವರಬಹುದು, ಅದು ಪಾಲ್ ತನಕ ಹರಡಬಾರದು.

ಸದ್ದಿಲ್ಲದ ಫ್ರೀವೀಲ್ ಉತ್ತಮವೆಂಬ ಮಾತೂ ಇದರ ಜೊತೆಗೇ ಬೆಳೆದಿದೆ. ಟಿಕ್ ಟಿಕ್ ಎನ್ನುವುದು ಪಾಲ್ ಒಂದೊಂದೇ ಹಲ್ಲನ್ನು ದಾಟುವ ಸದ್ದು, ದೋಷವಲ್ಲ. ಆ ಸದ್ದು ಇದ್ದಕ್ಕಿದ್ದಂತೆ ನಿಂತರೆ ಪಾಲ್ ಅಂಟಿರಬಹುದೆಂದು ಅನುಮಾನಿಸಬೇಕು. ಆದ್ದರಿಂದ ಚೈನ್ ಹಾಕುವ ಮೊದಲು ಫ್ರೀವೀಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ, ನಡುನಡುವೆ ಹಲವು ಕಡೆ ಮುಂದಕ್ಕೆ ಎಳೆದು ನೋಡಿ. ಒಂದೇ ಒಂದು ಕಡೆ ಜಾರಿದರೂ ಮತ್ತೆ ಬಿಚ್ಚಿ ಸ್ಪ್ರಿಂಗ್ ಪರೀಕ್ಷಿಸದೆ ರಸ್ತೆಗಿಳಿಯಬೇಡಿ.