ತೀರ್ಪು ರದ್ದಾದ ಮೇಲೆ ಬಂದ ದೆವ್ವ: ‘ಲಾ ಯೊರೋನಾ’ ಟಿಪ್ಪಣಿ

ಯುದ್ಧ ಮತ್ತು ದೆವ್ವ, ಎರಡೂ ಇರುವ ಸಿನಿಮಾಗಳನ್ನು ಎರಡು ವಾರದಿಂದ ಒಂದೊಂದಾಗಿ ನೋಡುತ್ತಿದ್ದೇನೆ. ಗ್ವಾಟೆಮಾಲಾದ ಹೈರೋ ಬುಸ್ತಮಾಂತೆ 2019ರಲ್ಲಿ ಮಾಡಿದ ‘ಲಾ ಯೊರೋನಾ’ ಮಾತ್ರ ತಲೆಯಿಂದ ಇಳಿಯುತ್ತಲೇ ಇಲ್ಲ. ಮೊದಲ ಸಲ ನೋಡಿದಾಗ ಅರ್ಧ ಅರ್ಥವಾಯಿತು. ಎಲ್ಲಿ ಎಡವಿದೆ ಅಂತ ಎರಡನೇ ಸಲ ಗೊತ್ತಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಥೆಯ ಕೊನೆಯೂ ಇಲ್ಲಿ ಬರುತ್ತದೆ. ನೋಡದವರು ನೋಡಿಕೊಂಡು ಬಂದು ಓದಿ.

ಹುಡುಕುವಾಗ ನಿರ್ದೇಶಕರ ಹೆಸರನ್ನೂ ಸೇರಿಸಿ. ಅದೇ ವರ್ಷ ಹಾಲಿವುಡ್‌ನಿಂದಲೂ ಇದೇ ದೆವ್ವದ ಮೇಲೆ ಒಂದು ಸಿನಿಮಾ ಬಂದಿದೆ. ಅದು ಬೇರೆ, ಇದು ಬೇರೆ.

ಹಳೇ ಕಥೆ, ಒಂದೇ ಬದಲಾವಣೆ

ಯೊರೋನಾ ಅಂದರೆ ಅಳುವವಳು. ಲ್ಯಾಟಿನ್ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ನಾವು ಗುಮ್ಮ ಬರ್ತಾನೆ ಅಂತ ಮಕ್ಕಳನ್ನು ಹೆದರಿಸುತ್ತೇವಲ್ಲ, ಅಲ್ಲಿ ಇವಳು ಬರುತ್ತಾಳೆ. ಪ್ರೀತಿಸಿದವನು ಕೈಬಿಟ್ಟ ಮೇಲೆ ತನ್ನ ಮಕ್ಕಳನ್ನು ತಾನೇ ನೀರಿನಲ್ಲಿ ಮುಳುಗಿಸಿದ ಹೆಂಗಸು. ಆಮೇಲೆ ಮಕ್ಕಳನ್ನು ಹುಡುಕುತ್ತಾ, ಅಳುತ್ತಾ ನದಿ ದಡದಲ್ಲಿ ಅಲೆಯುತ್ತಾಳೆ.

ಬುಸ್ತಮಾಂತೆ ಈ ಕಥೆಯಲ್ಲಿ ಒಂದೇ ಒಂದನ್ನು ಬದಲಿಸುತ್ತಾರೆ. ಮಕ್ಕಳನ್ನು ಮುಳುಗಿಸಿದ್ದು ತಾಯಿಯಲ್ಲ, ಸೈನಿಕರು. ಅಷ್ಟು ಸಾಕು, ಇಡೀ ಕಥೆಯ ಅಪರಾಧಿ ಬದಲಾಗಿಬಿಡುತ್ತಾನೆ. ಶತಮಾನಗಳಿಂದ ಒಬ್ಬ ಹೆಂಗಸಿನ ಮೇಲೆ ಹೊರಿಸಿದ್ದ ಪಾಪ ಅಲ್ಲಿಗೆ ಇಳಿಯುತ್ತದೆ.

ಸಿನಿಮಾದ ಮನೆಯಲ್ಲಿರುವವರು ಇವರು. ಎನ್ರಿಕೆ ಮೊಂತೆವೆರ್ದೆ ಎಂಬ ನಿವೃತ್ತ ಜನರಲ್, ಮಾಯಾ ಎಂಬ ಮೂಲನಿವಾಸಿ ಜನರ ನರಮೇಧದ ಆರೋಪಿ. ಅವನ ಹೆಂಡತಿ ಕಾರ್ಮೆನ್. ಮಗಳು ನತಾಲಿಯಾ, ಡಾಕ್ಟರ್. ಮೊಮ್ಮಗಳು ಸಾರಾ. ಹಳೇ ಮನೆಗೆಲಸದಾಕೆ ವಲೇರಿಯಾನಾ. ಆಮೇಲೆ ಕೆಲಸಕ್ಕೆ ಬಂದು ಸೇರುವ ಆಲ್ಮಾ, ಈ ಕಥೆಯ ಅಳುವವಳು.

ನಾನು ಎಡವಿದ ಜಾಗ: ರದ್ದು ಅಂದರೆ ಖುಲಾಸೆ ಅಲ್ಲ

ಸಿನಿಮಾದಲ್ಲಿ ಜನರಲ್‌ಗೆ ಶಿಕ್ಷೆಯಾಗುತ್ತದೆ. ಸ್ವಲ್ಪ ಹೊತ್ತಿಗೇ ತೀರ್ಪು ರದ್ದಾಗಿ ಅವನು ಮನೆಗೆ ಬರುತ್ತಾನೆ. ಇದು ಕಥೆಗಾರನ ಅನುಕೂಲಕ್ಕೆ ಮಾಡಿಕೊಂಡ ತಿರುವು ಅಂತ ಮೊದಲ ಸಲ ಅಂದುಕೊಂಡಿದ್ದೆ. ಇಷ್ಟು ಬೇಗ ಹೇಗೆ ಸಾಧ್ಯ ಅನ್ನಿಸಿತು. ನಿಜದಲ್ಲಿ ನಡೆದದ್ದು ಹೀಗೆಯೇ. ಇದನ್ನು ಹಂತಹಂತವಾಗಿ ಬರೆಯುತ್ತೇನೆ. ಇದು ತಿಳಿಯದಿದ್ದರೆ ದೆವ್ವ ಯಾಕೆ ಬಂತು ಅಂತಲೇ ತಿಳಿಯುವುದಿಲ್ಲ.

ಗ್ವಾಟೆಮಾಲಾದ ಒಳಯುದ್ಧ 1960ರಿಂದ 1996ರವರೆಗೆ, 36 ವರ್ಷ ನಡೆಯಿತು. 1999ರಲ್ಲಿ ವರದಿ ಕೊಟ್ಟ ಸತ್ಯಶೋಧನಾ ಆಯೋಗದ ಪ್ರಕಾರ ಸತ್ತವರು ಮತ್ತು ಕಾಣೆಯಾದವರು 2 ಲಕ್ಷಕ್ಕೂ ಜಾಸ್ತಿ. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ ಮೂಲನಿವಾಸಿಗಳು. ದಾಖಲಾದ ದೌರ್ಜನ್ಯಗಳಲ್ಲಿ ನೂರಕ್ಕೆ 93ರ ಹೊಣೆ ಸೈನ್ಯ ಮತ್ತು ಅದರ ಜೊತೆಗಿದ್ದ ಪಡೆಗಳದ್ದು.

1982ರ ಮಾರ್ಚ್‌ನಲ್ಲಿ ಜನರಲ್ ಎಫ್ರಾಯಿನ್ ರಿಯೋಸ್ ಮೋಂಟ್ ಕ್ಷಿಪ್ರಕ್ರಾಂತಿಯಿಂದ ಅಧಿಕಾರಕ್ಕೆ ಬಂದ. 1983ರ ಆಗಸ್ಟ್‌ನಲ್ಲಿ ಇನ್ನೊಂದು ಕ್ಷಿಪ್ರಕ್ರಾಂತಿ ಅವನನ್ನು ಇಳಿಸಿತು. ನಡುವಿನ ಹದಿನೇಳು ತಿಂಗಳಲ್ಲಿ ನೆಬಾಹ್, ಚಾಹುಲ್, ಕೋತ್ಸಾಲ್ ಊರುಗಳಿರುವ, ಮಾಯಾ ಜನರದ್ದೇ ಒಂದು ಪಂಗಡವಾದ ಇಶಿಲ್ ಜನರ ಸೀಮೆಯಲ್ಲಿ ಸೈನ್ಯ ಊರಿಗೆ ಊರನ್ನೇ ಸುಟ್ಟಿತು. ಸಿನಿಮಾದ ಜನರಲ್‌ಗೆ ಹೆಸರು ಬೇರೆ, ಅಚ್ಚು ಇವನದ್ದೇ.

ಮುಂದಿನದ್ದು ಗಮನವಿಟ್ಟು ಓದಿ. 2013ರ ಮೇ 10ರಂದು, ಯಾಸ್ಮಿನ್ ಬಾರಿಯೋಸ್ ಮುಖ್ಯಸ್ಥರಾಗಿದ್ದ ನ್ಯಾಯಪೀಠ ರಿಯೋಸ್ ಮೋಂಟ್‌ಗೆ 80 ವರ್ಷ ಶಿಕ್ಷೆ ಕೊಟ್ಟಿತು. ನರಮೇಧಕ್ಕೆ 50, ಮಾನವೀಯತೆಯ ವಿರುದ್ಧದ ಅಪರಾಧಕ್ಕೆ 30. ಕೇಸಿನಲ್ಲಿದ್ದದ್ದು 1,771 ಇಶಿಲ್ ಜನರ ಕೊಲೆ. ಮೇ 20ಕ್ಕೆ, ಅಂದರೆ ಹತ್ತೇ ದಿನಕ್ಕೆ, ಸಂವಿಧಾನ ನ್ಯಾಯಾಲಯ ಮೂರು–ಎರಡರ ಬಹುಮತದಿಂದ ಅದನ್ನು ರದ್ದು ಮಾಡಿತು.

ಇಲ್ಲೇ ನಾನು ತಪ್ಪು ತಿಳಿದಿದ್ದೆ. ರದ್ದಾಯಿತು ಅಂದರೆ ಅವನು ನಿರಪರಾಧಿ ಅಂತ ಯಾರೂ ಹೇಳಲಿಲ್ಲ. ಕೊಲೆ ನಡೆದಿಲ್ಲ ಅಂತಲೂ ಹೇಳಲಿಲ್ಲ. ವಿಚಾರಣೆ ನಡೆಸಿದ ಕ್ರಮದಲ್ಲಿ ದೋಷವಿದೆ, ಏಪ್ರಿಲ್ 19ರ ನಂತರ ಆದದ್ದು ಯಾವುದೂ ಲೆಕ್ಕಕ್ಕಿಲ್ಲ, ಅಲ್ಲಿಗೆ ಹಿಂದಕ್ಕೆ ಹೋಗಿ ಅಂದರು. ನಮ್ಮ ಕಡೆ ಜಮೀನಿನ ಕೇಸಿನಲ್ಲಿ ಹೀಗಾಗುವುದನ್ನು ನೋಡಿರುತ್ತೀರಿ. ಸಾಕ್ಷಿ, ವಾದ, ತೀರ್ಪು ಎಲ್ಲ ಮುಗಿದ ಮೇಲೆ ಕಡತ ಮತ್ತೆ ಕೆಳಗಿನ ಕೋರ್ಟಿಗೆ ವಾಪಸ್. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ. ಆದರೆ ವಯಸ್ಸಾದ ಆರೋಪಿಗೆ ಬೇಕಾದದ್ದು ಸಮಯ ಒಂದೇ ಅಲ್ವಾ? 2015ರಲ್ಲಿ ಅವನ ಮನಸ್ಸು ವಿಚಾರಣೆಗೆ ಸ್ಥಿಮಿತದಲ್ಲಿಲ್ಲ ಅಂತಾಯಿತು. ವಿಚಾರಣೆ ನಡೆಸಬಹುದು, ಆದರೆ ಶಿಕ್ಷೆ ಕೊಡುವ ಹಾಗಿಲ್ಲ ಅಂತ ಕೋರ್ಟು ಹೇಳಿತು. 2018ರ ಏಪ್ರಿಲ್ 1ರಂದು, 91ನೇ ವಯಸ್ಸಿನಲ್ಲಿ, ಮರುವಿಚಾರಣೆ ಮುಗಿಯುವ ಮೊದಲೇ ಸತ್ತ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ತೀರ್ಪನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಇಶಿಲ್ ಜನರ ನರಮೇಧ ನಡೆದದ್ದು ನಿಜ ಅಂತ ನ್ಯಾಯಾಧೀಶರು ಒಪ್ಪಿದರು. ಕಟಕಟೆಯಲ್ಲಿ ಉಳಿದಿದ್ದ ಒಬ್ಬನೇ ಆರೋಪಿ, ಆಗಿನ ಸೇನಾ ಗುಪ್ತಚರ ಮುಖ್ಯಸ್ಥ, ಖುಲಾಸೆಯಾದ. ಅಪರಾಧ ಇದೆ, ಅಪರಾಧಿ ಇಲ್ಲ.

ಈಗ ಸಿನಿಮಾಗೆ ಬನ್ನಿ. ಅಳುವ ಸದ್ದು ಜನರಲ್‌ಗೆ ಮೊದಲೇ ಒಂದು ರಾತ್ರಿ ಕೇಳಿಸಿರುತ್ತದೆ. ಅವನು ಪಿಸ್ತೂಲು ಹಿಡಿದು ಹುಡುಕುತ್ತಾನೆ, ಇನ್ನೇನು ಹೆಂಡತಿಯೇ ಗುಂಡಿಗೆ ಬಲಿಯಾಗಬೇಕಿತ್ತು. ಹೆದರಿದ ಆಳುಗಳು ಕೆಲಸ ಬಿಟ್ಟು ಹೋಗುತ್ತಾರೆ. ಆದರೆ ಆಲ್ಮಾ ಮನೆಯೊಳಗೆ ಕಾಲಿಡುವುದು ತೀರ್ಪು ರದ್ದಾದ ಮೇಲೆ. ಗೇಟಿನ ಹೊರಗೆ ಕಾಣೆಯಾದವರ ಫೋಟೊ ಹಿಡಿದು ನಿಂತ ಜನರ ನಡುವಿನಿಂದ ನಡೆದು ಬರುತ್ತಾಳೆ. ಬಿಳಿ ಬಟ್ಟೆ, ಉದ್ದ ಕರಿಕೂದಲು. ಗೋಡೆ ತೂರಿ ಬರುವುದಿಲ್ಲ. ಮುಂಬಾಗಿಲಿನಿಂದ, ಕೆಲಸ ಕೇಳಿಕೊಂಡು ಬರುತ್ತಾಳೆ. ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಉಳಿದಿದ್ದ ಬಾಗಿಲು ಅದೊಂದೇ. ನಾನು ಹಾಗೆ ಓದಿಕೊಂಡಿದ್ದೇನೆ.

ಕಾರ್ಮೆನ್‌ನ ಕನಸು

ಕೋರ್ಟಿನ ದೃಶ್ಯವನ್ನು ಹಿಂದೆ ಮುಂದೆ ಓಡಿಸಿ ಮೂರು ಸಲ ನೋಡಿದೆ. ಮುಖದ ಮೇಲೆ ಕಸೂತಿಯ ಮುಸುಕು ಹೊದ್ದ ಮುದುಕಿಯೊಬ್ಬಳು ತನ್ನ ಭಾಷೆಯಲ್ಲಿ ಸಾಕ್ಷಿ ಹೇಳುತ್ತಾಳೆ. ಕ್ಯಾಮೆರಾ ಅವಳಿಂದ ನಿಧಾನವಾಗಿ ಹಿಂದೆ ಸರಿಯುತ್ತದೆ. ಮುಸುಕಿನ ಹಿಂದೆ ಕಣ್ಣು ಕಾಣುವುದಿಲ್ಲ. ಪಕ್ಕದಲ್ಲಿ ಅನುವಾದಕಿ. ಅವಳ ನೋವು ಸ್ಪ್ಯಾನಿಷ್‌ಗೆ ದಾಟಿದರೆ ಮಾತ್ರ ದಾಖಲೆಗೆ ಸೇರುತ್ತದೆ. ಮುಸುಕೂ ಕಲ್ಪನೆಯಲ್ಲ. ಸೆಪುರ್ ಸಾರ್ಕೊ ಎಂಬಲ್ಲಿ ಸೈನಿಕರು ಹೆಂಗಸರನ್ನು ಲೈಂಗಿಕ ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಕೇಸಿನಲ್ಲಿ, ಕೆಕ್ಚಿ ಎಂಬ ಮಾಯಾ ಪಂಗಡದ ಅಜ್ಜಿಯರು ಬಣ್ಣದ ಶಾಲುಗಳಲ್ಲಿ ಮುಖ ಮುಚ್ಚಿಕೊಂಡೇ ಕೋರ್ಟಿನಲ್ಲಿ ಕೂತಿದ್ದರು. 2016ರಲ್ಲಿ ಆ ಕೇಸು ಗೆದ್ದರು ಕೂಡ. ಸಿನಿಮಾದ ಕೋರ್ಟಿನಲ್ಲಿ ಶಾಂತಿ ನೊಬೆಲ್ ಪಡೆದ ರಿಗೊಬೆರ್ತಾ ಮೆಂಚು ಅವರೇ ಬಂದು ಕೂತಿದ್ದಾರೆ. ನೋಡುವಾಗ ಕಣ್ಣು ತಪ್ಪಿಸಬೇಡಿ.

ಕಾರ್ಮೆನ್ ಈ ಸಾಕ್ಷಿಯನ್ನು ನಂಬುವುದಿಲ್ಲ. ಆ ಹೆಂಗಸರ ನಡತೆಯನ್ನೇ ಕೆಟ್ಟದಾಗಿ ಆಡುತ್ತಾಳೆ. ಆಮೇಲೆ ಕನಸು ಶುರುವಾಗುತ್ತದೆ. ಕನಸಿನಲ್ಲಿ ಅವಳು ಎರಡು ಮಕ್ಕಳ ಜೊತೆ ಜೋಳದ ಹೊಲದಲ್ಲಿ ಓಡುತ್ತಿದ್ದಾಳೆ. ಹಿಂದೆ ಸೈನಿಕರು.

ಇದು ಕಾರ್ಮೆನ್‌ನ ಪಾಪಪ್ರಜ್ಞೆ ಅಂತ ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಆಮೇಲೆ ಹೊಡೆದುಹಾಕಿದೆ. ಪಾಪಪ್ರಜ್ಞೆ ಇರುವವರು ಕನಸಿನಲ್ಲಿ ತಾವು ಮಾಡಿದ್ದನ್ನು ಕಾಣುತ್ತಾರೆ. ಇವಳು ಕಾಣುತ್ತಿರುವುದು ಆಲ್ಮಾಗೆ ಆದದ್ದನ್ನು, ಆಲ್ಮಾಳ ಮೈಯೊಳಗಿನಿಂದ. ಕೋರ್ಟಿನಲ್ಲಿ ಕಿವಿಯಿಂದ ಕೇಳಿ ತಳ್ಳಿಹಾಕಿದ ಸಾಕ್ಷಿ ಈಗ ಅವಳ ಮೈಮೇಲೇ ನಡೆಯುತ್ತದೆ. ಅನುವಾದಕಿ ಬೇಕಿಲ್ಲ. ಕೊನೆಗೆ ವಲೇರಿಯಾನಾ ನಡೆಸುವ ಆಚರಣೆಯಲ್ಲಿ ಕಾರ್ಮೆನ್ ಆಲ್ಮಾಳ ಮಕ್ಕಳು ಮುಳುಗುವುದನ್ನು ತನ್ನದೇ ಮಕ್ಕಳೆಂಬಂತೆ ಕಾಣುತ್ತಾಳೆ. ಆಜ್ಞೆ ಕೊಟ್ಟ ಅಧಿಕಾರಿಯ ಕತ್ತು ಹಿಸುಕುತ್ತಾಳೆ. ಎಚ್ಚರದಲ್ಲಿ ಅವಳ ಕೈಯಲ್ಲಿರುವುದು ಗಂಡನ ಕತ್ತು. ದೆವ್ವ ಅವನನ್ನು ಮುಟ್ಟುವುದೇ ಇಲ್ಲ.

ನನಗೆ ತುಂಬಾ ಇಷ್ಟವಾದ ಎಳೆ: ನೀರು

ಗೆರಿಲ್ಲಾಗಳು, ಅಂದರೆ ಅಡಗಿ ಹೋರಾಡುವ ಬಂಡುಕೋರರು ಮೀನು, ಅವರಿಗೆ ಆಸರೆಯಾಗುವ ಜನ ನೀರು ಅನ್ನುವ ಮಾತು ಚೀನಾದ ಮಾವೋನದ್ದು. ಗ್ವಾಟೆಮಾಲಾ ಸೈನ್ಯ ಅದನ್ನು ತಿರುವಿ ಹಾಕಿತು: ಮೀನು ಸಾಯಬೇಕಾದರೆ ನೀರನ್ನೇ ಬತ್ತಿಸು. ಊರುಗಳನ್ನು ಸುಟ್ಟದ್ದು ಈ ಲೆಕ್ಕದಲ್ಲಿ. ಇದನ್ನು ತಲೆಯಲ್ಲಿಟ್ಟುಕೊಂಡು ಸಿನಿಮಾ ನೋಡಿ. ಆಲ್ಮಾ ಸಾರಾಳಿಗೆ ನೀರೊಳಗೆ ಉಸಿರು ಹಿಡಿಯಲು ಕಲಿಸುತ್ತಾಳೆ. ಕಪ್ಪೆಗಳು ಬರುತ್ತವೆ. ಈಜುಕೊಳ ಮತ್ತೆ ಮತ್ತೆ ಕಾಣುತ್ತದೆ. ಬತ್ತಿಸಿದ ನೀರು ಜನರಲ್‌ನ ಮನೆಯೊಳಗೇ ಉಕ್ಕುತ್ತಿದೆ. ನಿರ್ದೇಶಕರು ಹೀಗೇ ಯೋಚಿಸಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಎಳೆ ಹಿಡಿದರೆ ಬಿಡಿಬಿಡಿಯಾಗಿ ಕಂಡ ದೃಶ್ಯಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಹೋಲಿಸಿ ನೋಡಲು ಇನ್ನೆರಡು

ಗಿಯೆರ್ಮೊ ದೆಲ್ ತೋರೊ ಅವರ 2001ರ ‘ಡೆವಿಲ್ಸ್ ಬ್ಯಾಕ್‌ಬೋನ್’ ಸ್ಪೇನಿನ ಒಳಯುದ್ಧದ ಕೊನೆಯ ದಿನಗಳದ್ದು. ಅನಾಥಾಲಯದ ಅಂಗಳದಲ್ಲಿ ಸಿಡಿಯದ ಬಾಂಬೊಂದು ನೆಟ್ಟಗೆ ನಿಂತಿದೆ. ಬಾಬಕ್ ಅನ್ವರಿ ಅವರ 2016ರ ‘ಅಂಡರ್ ದ ಶ್ಯಾಡೋ’ದಲ್ಲಿ, ಇರಾನ್–ಇರಾಕ್ ಯುದ್ಧದ ಟೆಹರಾನಿನ ಅಪಾರ್ಟ್‌ಮೆಂಟಿಗೆ ಬಿದ್ದ ಕ್ಷಿಪಣಿಯೂ ಸಿಡಿಯುವುದಿಲ್ಲ. ಎರಡರಲ್ಲೂ ಸಿಡಿಯದ ಬಾಂಬಿನ ಪಕ್ಕದಲ್ಲೇ ದೆವ್ವ! ಎರಡೂ ಒಳ್ಳೆಯ ಸಿನಿಮಾಗಳೇ. ಆದರೆ ಅಲ್ಲಿ ಯುದ್ಧ ದೆವ್ವವನ್ನು ಸುತ್ತಿಕೊಂಡ ಗಾಳಿಯ ಹಾಗಿದೆ. ಸ್ಪೇನಿನ ಕಥೆಯಲ್ಲಿ ದೆವ್ವವಾದ ಹುಡುಗನನ್ನು ಕೊಂದವನು ಅನಾಥಾಲಯದವನೇ, ಸೈನಿಕನಲ್ಲ. ‘ಲಾ ಯೊರೋನಾ’ ನೇರವಾಗಿ ಆಜ್ಞೆ ಕೊಟ್ಟವನ ಮಲಗುವ ಕೋಣೆಗೇ ಹೋಗುತ್ತದೆ. ಈ ಗುಂಪಿನಲ್ಲಿ ನಾನು ಇದನ್ನೇ ಮೇಲಿಡುತ್ತೇನೆ.

ಕೊನೆಯ ದೃಶ್ಯವನ್ನು ಶಬ್ದ ಜೋರಾಗಿಟ್ಟು ನೋಡಿ. ಜನರಲ್‌ನ ಅಂತ್ಯಕ್ರಿಯೆ ನಡೆಯುತ್ತಿದೆ. ಅವನ ಜೊತೆಗಾರ, ಇನ್ನೊಬ್ಬ ಸೇನಾಧಿಕಾರಿ, ಶೌಚಾಲಯಕ್ಕೆ ಹೋಗುತ್ತಾನೆ. ನೆಲದ ಮೇಲೆ ನೀರು ಹರಿದು ಬರುತ್ತದೆ. ಅಳು ಕೇಳಿಸುತ್ತದೆ.